ಕಣ್ಣಿಗೆ ಸಿಗದ ಏಳು ಕಂತುಗಳು

ಪಾಮೀರ್ ಪ್ರಸ್ಥಭೂಮಿಯ ಹಿಮದ ಮೇಲೆ ಒಂದು ನೀಲಿ ಪೆಟ್ಟಿಗೆ ನಿಂತಿದೆ. ಹೊರಗಿನಿಂದ ಅದು ಲಂಡನ್ ಪೊಲೀಸರು ರಸ್ತೆಬದಿಯಲ್ಲಿ ಇಟ್ಟಿರುತ್ತಿದ್ದ ಟೆಲಿಫೋನ್ ಗೂಡು. ಒಳಗೆ ಕಾಲಿಟ್ಟರೆ ಹೊರಗಿನ ಅಳತೆಗೆ ಎಲ್ಲಿಂದೆಲ್ಲಿಗೂ ಹೊಂದದಷ್ಟು ದೊಡ್ಡ ಕಾಲಯಂತ್ರ. ಅದರ ಒಂದು ಸರ್ಕ್ಯೂಟ್ ಸುಟ್ಟುಹೋಗಿದೆ. ಬೆಳಕಿಲ್ಲ, ಬಿಸಿಯಿಲ್ಲ, ನೀರಿಲ್ಲ. ಹೊರಗೆ ನಡುಗುತ್ತಾ ನಿಂತವರು ನಾಲ್ವರು: ಡಾಕ್ಟರ್ ಎಂದೇ ಕರೆಸಿಕೊಳ್ಳುವ ಸಿಡುಕು ಸ್ವಭಾವದ ಒಬ್ಬ ಮುದುಕ, ಅವನ ಮೊಮ್ಮಗಳು ಸೂಸನ್, ಅವಳ ಶಾಲೆಯ ವಿಜ್ಞಾನದ ಮೇಷ್ಟ್ರು ಇಯಾನ್, ಇತಿಹಾಸದ ಟೀಚರ್ ಬಾರ್ಬರಾ. ಇಸವಿ 1289. ದೂರದಲ್ಲಿ ಒಂದು ಸಾರ್ಥ ಬರುತ್ತಿದೆ. ಅದರ ಮುಂದಾಳು ವೆನಿಸ್‌ನ ಮಾರ್ಕೋ ಪೋಲೋ.

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ನಾಲ್ಕನೆಯ ಕತೆ ಹೀಗೆ ಶುರುವಾಗುತ್ತದೆ. ಸರಣಿ ಆರಂಭವಾದದ್ದು 1963ರ ನವೆಂಬರ್ 23ರಂದು. ಈ ಕತೆ ಪ್ರಸಾರವಾದದ್ದು 1964ರ ಫೆಬ್ರವರಿ 22ರಿಂದ ಏಪ್ರಿಲ್ 4ರವರೆಗೆ, ಏಳು ಶನಿವಾರ, ಏಳು ಕಂತು, ಒಂದೊಂದೂ ಸುಮಾರು 25 ನಿಮಿಷ. ಒಟ್ಟು ಮೂರು ಗಂಟೆಗೆ ಸ್ವಲ್ಪ ಕಡಿಮೆ. ಆ ಏಳರಲ್ಲಿ ಒಂದು ಕಂತನ್ನೂ ಬಿಬಿಸಿ ಉಳಿಸಿಕೊಳ್ಳಲಿಲ್ಲ. ಆದರೂ ಈ ಸರಣಿಯ ಮೊದಲ ವರ್ಷದ ಅತ್ಯುತ್ತಮ ಕತೆ ಇದೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಣ್ಣಿಂದ ನೋಡದ್ದನ್ನು ಹಾಗೆ ಹೇಳಲು ಹೇಗೆ ಸಾಧ್ಯ ಎಂದರೆ, ಇದು ಕಿವಿಗೆ ಪೂರ್ತಿಯಾಗಿ ಸಿಗುತ್ತದೆ.

ಮೊದಲು ಕತೆಯ ಮಾತು. ಸರಣಿಯ ಹಿಂದಿದ್ದ ಸಿಡ್ನಿ ನ್ಯೂಮನ್ ಅವರಿಗೆ ಇದು ಮಕ್ಕಳಿಗೆ ಏನಾದರೂ ಕಲಿಸುವಂತಿರಬೇಕು ಎಂಬ ಆಸೆಯಿತ್ತು. ಸಹಪ್ರಯಾಣಿಕರಲ್ಲಿ ಇಬ್ಬರು ಮೇಷ್ಟ್ರುಗಳಾಗಿದ್ದದ್ದು ಅದಕ್ಕೇ. ಭವಿಷ್ಯಕ್ಕೋ ಬೇರೆ ಗ್ರಹಕ್ಕೋ ಹೋದಾಗ ಇಯಾನ್‌ಗೆ ಕೆಲಸ, ಹಿಂದಿನ ಕಾಲಕ್ಕೆ ಹೋದಾಗ ಬಾರ್ಬರಾಗೆ. ಎಷ್ಟೋ ಕತೆಗಳಲ್ಲಿ ಈ ಪಾಠ ಊಟದ ನಡುವೆ ಸಿಕ್ಕ ಕಲ್ಲಿನಂತೆ ತಗಲುತ್ತದೆ. ಇಲ್ಲಿ ಮಾತ್ರ ಪಾಠವೇ ಕತೆಯನ್ನು ಮುಂದಕ್ಕೆ ಎಳೆಯುತ್ತದೆ. ಬೆಟ್ಟದ ಮೇಲೆ ಕೊಟ್ಟ ಸಾರು ಕುದ್ದರೂ ಯಾಕೆ ಅಷ್ಟು ಬಿಸಿಯಿಲ್ಲ ಎಂಬ ಮಾತು ಬರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು ಬೇಗ ಕುದಿಯುತ್ತದೆ ಎಂದು ಇಯಾನ್ ವಿವರಿಸುತ್ತಾನೆ. ಲೆಕ್ಕ ಸರಿಯಿದೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ, 4000 ಮೀಟರ್ ಎತ್ತರದಲ್ಲಿ ಸುಮಾರು 87ಕ್ಕೆ. ಅಲ್ಲಿ ಎಷ್ಟು ಹೊತ್ತು ಉರಿ ಹಾಕಿದರೂ ಸಾರು ಅದಕ್ಕಿಂತ ಬಿಸಿಯಾಗದು.

ಲೋಪ್ ಮರುಭೂಮಿಯಲ್ಲಿ ಇದಕ್ಕಿಂತ ದೊಡ್ಡ ಪಾಠ ಕಾದಿದೆ. ಸಾರ್ಥದಲ್ಲಿರುವ ಮಂಗೋಲ ದೂತ ತೆಗಾನ ಕುಬ್ಲಾಯ್ ಖಾನನನ್ನು ಕೊಲ್ಲಲು ಬಂದವನು. ನೀರಿನ ಬುರುಡೆಗಳನ್ನು ರಾತ್ರಿ ಅವನೇ ಸೀಳುತ್ತಾನೆ. ಓಯಸಿಸ್‌ನಿಂದ ನೀರು ತರುತ್ತೇನೆಂದು ಹೋದವನು ಅಲ್ಲೇ ಉಳಿಯುತ್ತಾನೆ. ಎಲ್ಲರೂ ಬಾಯಾರಿ ಬಿದ್ದಿರುವಾಗ, ಯಂತ್ರದೊಳಗೆ ರಾತ್ರಿ ಕಳೆದ ಡಾಕ್ಟರ್ ಮತ್ತು ಸೂಸನ್ ನೀರು ತರುತ್ತಾರೆ. ಇಷ್ಟು ಹೊತ್ತು ನೀರು ಬಚ್ಚಿಟ್ಟಿದ್ದೀರಿ ಎಂದು ಪೋಲೋ ಕೆರಳುತ್ತಾನೆ. ರಾತ್ರಿಯ ಚಳಿಗೆ ಗೋಡೆ ತಣ್ಣಗಾಗಿ ಒಳಗಿನ ಗಾಳಿಯ ಆವಿ ಹನಿಗಟ್ಟಿತು ಎಂದು ಇಯಾನ್ ಬಿಡಿಸಿ ಹೇಳಬೇಕಾಗುತ್ತದೆ. ಒಬ್ಬ ಮನುಷ್ಯ ಉಸಿರಿನಲ್ಲಿ ದಿನಕ್ಕೆ ಹೊರಬಿಡುವ ನೀರು ಕಾಲು ಲೀಟರಿನಿಂದ ಅರ್ಧ ಲೀಟರ್. ಅಂಥ ದೊಡ್ಡ ಕೋಣೆಯ ಗಾಳಿಯಲ್ಲಿ ಮೊದಲೇ ಇದ್ದ ಆವಿಯೂ ಸೇರಿದರೆ ಕೆಲವರ ಗಂಟಲು ಒದ್ದೆಯಾದೀತು. ಬಿಸಿ ಮಾಡುವ ಸರ್ಕ್ಯೂಟ್ ಮೊದಲ ಕಂತಿನಲ್ಲೇ ಸುಡದಿದ್ದರೆ ಗೋಡೆ ತಣ್ಣಗಾಗುತ್ತಲೇ ಇರಲಿಲ್ಲ! ಅಲ್ಲಿ ಕೆಟ್ಟದ್ದು ಇಲ್ಲಿ ಜೀವ ಉಳಿಸುತ್ತದೆ.

ಮುಂದೆ ದರೋಡೆಕೋರರು ಮುತ್ತಿದಾಗ ಇಯಾನ್ ಹಸಿ ಬಿದಿರನ್ನು ಬೆಂಕಿಗೆ ಹಾಕುತ್ತಾನೆ. ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಗಿಣ್ಣಿನ ನಡುವೆ ಸಿಕ್ಕಿಕೊಂಡ ಗಾಳಿಯೂ ರಸವೂ ಕಾದು ಹಿಗ್ಗಿ, ದಾರಿ ಸಿಗದೆ ಗಳ ಸಿಡಿಯುತ್ತದೆ. ಕಾಡಿಗೆ ಬೆಂಕಿ ಬಿದ್ದಾಗ ಕೇಳುವ ಅದೇ ಕೋವಿಯ ಸದ್ದು. ದರೋಡೆಕೋರರು ಓಡುತ್ತಾರೆ.

ಕಾಲಪ್ರಯಾಣದ ಕತೆಯೊಂದರಲ್ಲಿ ಕಾಲಯಂತ್ರವನ್ನು ಮೊದಲ ಕಂತಿನಲ್ಲೇ ಕಿತ್ತುಕೊಳ್ಳುವುದು ಬರಹಗಾರ ಜಾನ್ ಲುಕರೋಟಿ ಅವರ ಜಾಣತನ. ಪೋಲೋ ವರ್ಷಗಟ್ಟಲೆ ಖಾನನ ಸೇವೆಯಲ್ಲಿದ್ದಾನೆ, ಊರಿಗೆ ಹೋಗಲು ಅಪ್ಪಣೆ ಸಿಗುತ್ತಿಲ್ಲ. ಗಾಲಿಯಿಲ್ಲದೆ ಚಲಿಸುವ ಈ ಬಂಡಿಯನ್ನು ಕಾಣಿಕೆ ಕೊಟ್ಟರೆ ಖಾನ್ ಒಲಿದಾನು ಎಂಬ ಆಸೆಯಿಂದ ಕೀಲಿಕೈಯನ್ನು ವಶಪಡಿಸಿಕೊಳ್ಳುತ್ತಾನೆ. ಅವನು ದುಷ್ಟನಲ್ಲ, ಮನೆಯ ನೆನಪಿನಿಂದ ಸೊರಗಿದವನು. ಸೆರೆಯಾದ ನಾಲ್ವರೂ ಅದೇ ನೋವಿನವರು. ಒಂದೇ ಕೀಲಿಕೈಗೆ ಎರಡು ಕಡೆಯ ಮನೆಹಂಬಲ ಜೋತುಬಿದ್ದಿದೆ. ಏಳು ಕಂತು ಸವೆಯುವುದಕ್ಕೆ ಇಷ್ಟು ಸಾಕು, ಭೂತವೂ ಬೇಡ, ರಾಕ್ಷಸನೂ ಬೇಡ. ನಡುವೆ ಪಿಂಗ್ ಚೋ ಎಂಬ ಹುಡುಗಿ ಬರುತ್ತಾಳೆ. 75 ವರ್ಷದ ಮುದುಕನ ಜೊತೆ ಅವಳ ಮದುವೆ ಗೊತ್ತಾಗಿದೆ. ಸೂಸನ್‌ಗೂ ಅವಳಿಗೂ ಬೆಳೆಯುವ ಗೆಳೆತನ ಈ ಕತೆಯ ಎದೆಬಡಿತ. ಆ ವರ ಕೊನೆಗೆ ಮತ್ತೆ ಹರೆಯ ಬರಲೆಂದು ಪಾದರಸ, ಗಂಧಕದ ಮದ್ದು ಕುಡಿದು ಸಾಯುತ್ತಾನೆ.

ಒಂದು ಕೊರತೆಯನ್ನು ಮುಚ್ಚಿಡಬಾರದು. ಚೀನೀಯರ, ಮಂಗೋಲರ ಪಾತ್ರಗಳಲ್ಲಿ ಹೆಚ್ಚಿನವನ್ನು ಬಣ್ಣ ಬಳಿದ ಯೂರೋಪಿನ ನಟರೇ ಮಾಡಿದರು. ಅಂದಿನ ಬ್ರಿಟಿಷ್ ಟಿವಿಯಲ್ಲಿ ಅದು ರೂಢಿ. ರೂಢಿಯಾಗಿತ್ತು ಎಂಬುದು ಸಮರ್ಥನೆ ಅಲ್ಲ. ಪಿಂಗ್ ಚೋ ಆದ ಜೀನಿಯಾ ಮರ್ಟನ್ ಬರ್ಮಾದಲ್ಲಿ ಹುಟ್ಟಿದವರು. ನಿರ್ದೇಶಕ ವಾರಿಸ್ ಹುಸೇನ್ 1938ರಲ್ಲಿ ಲಖನೌದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಇಂಗ್ಲೆಂಡ್ ಸೇರಿದವರು. ಸರಣಿಯ ಮೊಟ್ಟಮೊದಲ ಕತೆಯನ್ನೂ ನಿರ್ದೇಶಿಸಿದವರು ಅವರೇ. ಇಲ್ಲಿ ನಾಲ್ಕನೆಯ ಕಂತನ್ನು ಮಾತ್ರ ಜಾನ್ ಕ್ರಾಕೆಟ್ ವಹಿಸಿಕೊಂಡರು. ಈ ವಿವರ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಕಳೆದುಹೋದ ಬಗೆ. ಅಂದಿನ ಕಂತುಗಳು ಎರಡು ಇಂಚು ಅಗಲದ ವಿಡಿಯೋ ಟೇಪಿನ ಮೇಲೆ ಬೀಳುತ್ತಿದ್ದವು. ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದಾದದ್ದು. ನಟರ ಒಪ್ಪಂದಗಳ ಪ್ರಕಾರ ಮರುಪ್ರಸಾರಕ್ಕೆ ಮಿತಿಯಿತ್ತು. ಮೇಲಾಗಿ ಅವು 405 ಗೆರೆಗಳ ಕಪ್ಪುಬಿಳುಪು ಚಿತ್ರಗಳು. ಆ ದಶಕ ಮುಗಿಯುವ ಹೊತ್ತಿಗೆ 625 ಗೆರೆಯ ಬಣ್ಣದ ಪ್ರಸಾರ ಬಂದಿತ್ತು, ಹಳೆಯದನ್ನು ಮತ್ತೆ ಯಾರು ನೋಡುತ್ತಾರೆ ಎಂಬ ಎಣಿಕೆ. 1960ರ ದಶಕದ ಈ ಸರಣಿಯ ಮೂಲ ವಿಡಿಯೋ ಟೇಪು ಇಂದು ಒಂದೂ ಇಲ್ಲ. ಉಳಿದಿರುವುದೆಲ್ಲ ಫಿಲ್ಮಿನ ನಕಲು. ಹೊರದೇಶಗಳಿಗೆ ಮಾರಲು, ಟೇಪನ್ನು ಒಂದು ವಿಶೇಷ ಮಾನಿಟರಿನಲ್ಲಿ ಓಡಿಸಿ ಎದುರಿಗೆ 16 ಎಂಎಂ ಕ್ಯಾಮರಾ ಇಟ್ಟು ಚಿತ್ರಿಸುತ್ತಿದ್ದರು. ಮಾರಾಟದ ಹಕ್ಕು ಮುಗಿದ ಮೇಲೆ ಆ ಫಿಲ್ಮೂ ಕಸವಾಯಿತು. ಟೇಪು ಅಳಿಸುವ ವಿಭಾಗದವರು ಫಿಲ್ಮು ಇದೆಯಲ್ಲ ಎಂದುಕೊಂಡರು, ಫಿಲ್ಮು ಎಸೆಯುವವರು ಟೇಪು ಇದೆಯಲ್ಲ ಎಂದುಕೊಂಡರು. 1978ರಲ್ಲಿ ಇದು ನಿಲ್ಲುವಷ್ಟರಲ್ಲಿ ಬಹಳ ತಡವಾಗಿತ್ತು. ನಮಗೆ ಈ ಸಂಕಟ ಹೊಸದಲ್ಲ. 1934ರ ‘ಸತಿ ಸುಲೋಚನಾ’, ಕನ್ನಡದ ಮೊದಲ ಮಾತಿನ ಚಿತ್ರ, ಒಂದು ಪ್ರಿಂಟೂ ಇಲ್ಲದೆ ಹೋಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಮನೆಯವರು ಎಸೆದದ್ದನ್ನು ಹೊರಗಿನವರು ಕಾಪಾಡಿದರು. ಕೊಂಡ ಟಿವಿ ಕೇಂದ್ರಗಳು ಪ್ರಸಾರ ಮುಗಿಸಿ ರೀಲುಗಳನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಮಾಡಬೇಕು, ಇಲ್ಲವೇ ಮುಂದಿನ ದೇಶಕ್ಕೆ ಕಳಿಸಬೇಕು. ಈ ಮೂರನ್ನೂ ಮಾಡದೆ ಯಾರೋ ಮೂಲೆಗಿಟ್ಟದ್ದರಿಂದಲೇ ಕೆಲವು ಸಿಕ್ಕಿವೆ. 1991ರ ಕೊನೆಗೆ ಹಾಂಗ್‌ಕಾಂಗ್‌ನಲ್ಲಿ ನಾಲ್ಕು ಕಂತಿನ ಒಂದು ಇಡೀ ಕತೆ ಸಿಕ್ಕಿತು. ನೈಜೀರಿಯಾದ ಜೋಸ್ ಪಟ್ಟಣದ ಮರುಪ್ರಸಾರ ಕೇಂದ್ರದಲ್ಲಿ ಫಿಲಿಪ್ ಮಾರಿಸ್ ಪತ್ತೆಹಚ್ಚಿದ ಒಂಬತ್ತು ಕಂತುಗಳನ್ನು 2013ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಜೋಸ್ ಇರುವುದು ಸುಮಾರು 1200 ಮೀಟರ್ ಎತ್ತರದಲ್ಲಿ, ಹವೆ ತಂಪು. ಅಸಿಟೇಟ್ ಫಿಲ್ಮಿಗೆ ಸೆಕೆಯೂ ತೇವವೂ ಶತ್ರು. ಅವು ಕೂಡಿದರೆ ಫಿಲ್ಮು ಒಳಗೊಳಗೇ ಆಮ್ಲ ಬಿಟ್ಟು, ವಿನೆಗರ್ ವಾಸನೆ ಬಂದು, ಕುಗ್ಗಿ ಸುರುಟಿಕೊಳ್ಳುತ್ತದೆ. ಅದೇ ರೀಲುಗಳು ಕರಾವಳಿಯ ಊರಿನಲ್ಲಿದ್ದಿದ್ದರೆ ಏನಾಗುತ್ತಿತ್ತೋ. ಆ ಪತ್ತೆಯ ನಂತರ, ಮೊದಲ ಆರು ವರ್ಷದ 253 ಕಂತುಗಳಲ್ಲಿ ಇಲ್ಲದವು 97ಕ್ಕೆ ಇಳಿದವು.

ಇನ್ನೊಂದು ಉಳಿವು ಇದಕ್ಕಿಂತ ವಿಚಿತ್ರ. ಆಸ್ಟ್ರೇಲಿಯಾದ ಸೆನ್ಸಾರ್‌ನವರು ಮಕ್ಕಳಿಗೆ ಭಯವಾದೀತೆಂದು ಹಲವು ಕಂತುಗಳಿಂದ ಕೆಲವು ಸೆಕೆಂಡುಗಳ ತುಣುಕುಗಳನ್ನು ಕತ್ತರಿಸಿ, ಸರ್ಕಾರಿ ಕ್ರಮದಂತೆ ಕಡತಕ್ಕೆ ಸೇರಿಸಿದ್ದರು. ಆ ತುಣುಕುಗಳು 1996ರಲ್ಲಿ ಅಲ್ಲಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಸಿಕ್ಕವು. ಕಂತು ಇಲ್ಲ, ಕಂತಿನಲ್ಲಿ ತೋರಿಸಬಾರದೆಂದದ್ದು ಮಾತ್ರ ಇದೆ. ಮಾರ್ಕೋ ಪೋಲೋ ಕತೆಗೆ ಆ ಭಾಗ್ಯವೂ ಇಲ್ಲ.

ಇದಕ್ಕಿರುವುದು ದನಿ. 1960ರ ದಶಕದ ಎಲ್ಲ ಕಂತುಗಳ ಧ್ವನಿಯೂ ಉಳಿದಿದೆ, ಅದನ್ನು ಉಳಿಸಿದವರು ಮನೆಯಲ್ಲಿ ಕೂತು ನೋಡುತ್ತಿದ್ದ ಹುಡುಗರು. ಕಾಲು ಇಂಚಿನ ಟೇಪಿನ ರೀಲ್ ರೆಕಾರ್ಡರ್, ಟಿವಿಯ ಸ್ಪೀಕರಿನ ಎದುರು ಮೈಕು, ಮನೆಯವರಿಗೆಲ್ಲ ಮಾತಾಡಬೇಡಿ ಎಂಬ ಆಜ್ಞೆ. ಐದು ಇಂಚಿನ ರೀಲಿನಲ್ಲಿ 600 ಅಡಿ ಟೇಪು. ಸೆಕೆಂಡಿಗೆ ಮೂರೂ ಮುಕ್ಕಾಲು ಇಂಚಿನ ವೇಗದಲ್ಲಿ ಒಂದು ಬದಿಗೆ 32 ನಿಮಿಷ ಹಿಡಿಯುತ್ತದೆ, 25 ನಿಮಿಷದ ಕಂತಿಗೆ ಸರಿಯಾಗಿ ಸಾಕು. ಟೇಪು ಉಳಿಸಲು ಅರ್ಧ ವೇಗಕ್ಕೆ ಇಳಿಸಿದರೆ ಮೇಲಿನ ಸ್ವರಗಳು ಮಂಕಾಗಿ ಸ, ಶ ಎರಡೂ ಒಂದೇ ಥರ ಕೇಳುತ್ತವೆ. ಇನ್ನೂ ಜಾಣರು ಟಿವಿಯ ಒಳಗಿನ ಧ್ವನಿಯ ತಂತಿಗೇ ನೇರ ಜೋಡಿಸಿದರು. ಅಂದಿನ ಟಿವಿಗಳಲ್ಲಿ ಅದು ಪ್ರಾಣಾಪಾಯದ ಕೆಲಸ, ಚಾಸಿಯೇ ಮನೆಯ ಕರೆಂಟಿಗೆ ತಾಗಿರುತ್ತಿತ್ತು. ಆದರೆ ಅಂಥ ಧ್ವನಿಮುದ್ರಣದಲ್ಲಿ ಕೋಣೆಯ ಗದ್ದಲ ಇರುವುದಿಲ್ಲ.

ಇಂಥ ಟೇಪನ್ನು ಸರಿಪಡಿಸುವವರಿಗೆ ಮೊದಲ ತಲೆನೋವು ವೇಗ. ರಬ್ಬರ್ ಬೆಲ್ಟ್ ಸಡಿಲಾಗಿದ್ದರೆ ಟೇಪು ತೂರಾಡುತ್ತದೆ, ಮಾತು ಏರುತ್ತದೆ, ಇಳಿಯುತ್ತದೆ. ಇದನ್ನು ಅಳೆಯಲು ಧ್ವನಿಯೊಳಗೇ ಒಂದು ಅಳತೆಗೋಲು ಸಿಗುತ್ತದೆ: ಕರೆಂಟಿನ ಗುಂಯ್ ಸದ್ದು. ಬ್ರಿಟನ್ನಿನಲ್ಲೂ ನಮ್ಮಂತೆ 50 ಹರ್ಟ್ಸ್. ಆ ಗುಂಯ್ 51ರಲ್ಲಿ ಕೇಳಿಸಿದರೆ ಟೇಪು ಶೇಕಡ 2ರಷ್ಟು ಜೋರಾಗಿ ಓಡುತ್ತಿದೆ ಎಂದರ್ಥ. ಗುಂಯ್ ಅನ್ನು ಮೊದಲೇ ತೆಗೆದುಹಾಕಿದರೆ ಅಳತೆಗೋಲೂ ಹೋಯಿತು. ಆದ್ದರಿಂದ ವೇಗ ಮೊದಲು, ಶುಚಿ ಆಮೇಲೆ. ನಂತರ ಹಲವರ ಟೇಪುಗಳಿಂದ ಶುದ್ಧವಾದದ್ದನ್ನು ಆಧಾರವಾಗಿಟ್ಟು, ಅದರಲ್ಲಿ ಕೆಮ್ಮೋ ಬಾಗಿಲ ಸದ್ದೋ ಇರುವ ಕಡೆ ಇನ್ನೊಂದರಿಂದ ತೇಪೆ ಹಾಕುತ್ತಾರೆ. ಗದ್ದಲ ತೆಗೆಯುವ ಆಸೆಯಲ್ಲಿ ಕೈ ಮೀರಿದರೆ ದನಿಗಳು ನೀರೊಳಗಿಂದ ಬಂದಂತಾಗುತ್ತವೆ. ಸ್ವಲ್ಪ ಸರಸರ ಉಳಿಯಲಿ ಎಂಬುದೇ ನನ್ನ ಪಕ್ಷ.

ಚಿತ್ರದ ಕಡೆಗೆ ಬಂದರೆ ಜಾನ್ ಕ್ಯುರಾ ಎಂಬ ಛಾಯಾಗ್ರಾಹಕರ ಋಣ ದೊಡ್ಡದು. ಮನೆಯಲ್ಲಿ ವಿಡಿಯೋ ಇಲ್ಲದ ಕಾಲದಲ್ಲಿ ನಟರಿಗೆ, ನಿರ್ದೇಶಕರಿಗೆ ತಮ್ಮ ಕೆಲಸದ ಗುರುತು ಬೇಕಿತ್ತು. ಕ್ಯುರಾ ಪ್ರಸಾರದ ಹೊತ್ತಿಗೆ ಟಿವಿ ಪರದೆಯ ಫೋಟೋ ತೆಗೆದು, ಕಂತಿಗೆ 60–70 ಪುಟ್ಟ ಚಿತ್ರಗಳನ್ನು ಮಾರುತ್ತಿದ್ದರು. 25 ನಿಮಿಷಕ್ಕೆ 60 ಎಂದರೆ 25 ಸೆಕೆಂಡಿಗೊಂದು. ಮಾರ್ಕೋ ಪೋಲೋದ ಈ ಚಿತ್ರಗಳು ಎಲ್ಲೂ ಇಲ್ಲವೆಂದೇ ಬಹಳ ಕಾಲ ನಂಬಿಕೆಯಿತ್ತು. ಕೊನೆಗೆ ಸಿಕ್ಕಿದ್ದು ವಾರಿಸ್ ಹುಸೇನ್ ಅವರ ಸ್ವಂತ ಸಂಗ್ರಹದಲ್ಲಿ, ಅವರು ನಿರ್ದೇಶಿಸಿದ ಆರು ಕಂತುಗಳವು. ನಾಲ್ಕನೆಯ ಕಂತು ಅವರದಲ್ಲ, ಆದ್ದರಿಂದ ಅದರ ಚಿತ್ರಗಳೂ ಇಲ್ಲ. ಉಳಿದ ಧ್ವನಿಗೆ ಇಂಥ ಚಿತ್ರಗಳನ್ನು ಹೊಂದಿಸಿ ಕಂತನ್ನು ಮರುಜೋಡಣೆ ಮಾಡುವವರೆಲ್ಲ ಎಡವುವುದು ಅಲ್ಲೇ. ಸೆಟ್ಟಿನಲ್ಲಿ ತೆಗೆದ ಬಣ್ಣದ ಫೋಟೋಗಳು ಧಾರಾಳವಾಗಿವೆ, ಆದರೆ ಅವು ಅಭ್ಯಾಸದ ಹೊತ್ತಿನವು. ಯಾರು ಎತ್ತ ನಿಂತು ಮಾತಾಡಿದರು ಎಂಬುದನ್ನು ಹೇಳುವುದಿಲ್ಲ. ಅಲ್ಲಿ ಬೇರೆ ಕಂತಿನ ಮುಖಗಳನ್ನು ತಂದು ಅಂಟಿಸುವುದಕ್ಕಿಂತ ಪರದೆಯನ್ನು ಕಪ್ಪಾಗಿ ಬಿಡುವುದು ಪ್ರಾಮಾಣಿಕ.

ಸಿಕ್ಕ ಫಿಲ್ಮಿಗೂ ಒಂದು ಚಿಕಿತ್ಸೆ ಬೇಕು. ಮೂಲ ವಿಡಿಯೋದಲ್ಲಿ ಸೆಕೆಂಡಿಗೆ 50 ಬಾರಿ ಚಿತ್ರ ಬದಲಾಗುತ್ತಿತ್ತು, ಫಿಲ್ಮಿನಲ್ಲಿ 25 ಮಾತ್ರ. ನೇರಪ್ರಸಾರದಂಥ ಆ ಜೀವಂತಿಕೆ ಅಲ್ಲೇ ಹೋಯಿತು. ‘ವಿಡ್‌ಫೈರ್’ ಎಂಬ ವಿಧಾನದಲ್ಲಿ ಕಂಪ್ಯೂಟರು ಎರಡು ಚೌಕಟ್ಟುಗಳ ನಡುವಿನ ಚಲನೆಯನ್ನು ಲೆಕ್ಕಹಾಕಿ ನಡುವಿನ ಚಿತ್ರವನ್ನು ಕಟ್ಟುತ್ತದೆ. ಅದಕ್ಕೆ ಮುಂಚೆ ಫಿಲ್ಮಿನ ನಡುಕ ನಿಲ್ಲಿಸಿ ಗೀರು, ಧೂಳು ತೆಗೆದಿರಬೇಕು, ಇಲ್ಲದಿದ್ದರೆ ಯಂತ್ರ ಧೂಳನ್ನೂ ಚಲಿಸುವ ವಸ್ತುವೆಂದೇ ಎಣಿಸುತ್ತದೆ. ಮೊದಲೇ ಫಿಲ್ಮಿನಲ್ಲಿ ಚಿತ್ರಿಸಿ ಸೇರಿಸಿದ ದೃಶ್ಯಗಳನ್ನು ಮುಟ್ಟಬಾರದು, ಅವು 25ರಲ್ಲೇ ಹುಟ್ಟಿದವು. 1970ರ ದಶಕದ ಕಪ್ಪುಬಿಳುಪು ನಕಲುಗಳಲ್ಲಿ ಇನ್ನೊಂದು ಗುಟ್ಟು ಅಡಗಿತ್ತು. ಬಣ್ಣದ ಸಂಕೇತವನ್ನು ಶೋಧಿಸದೆ ಚಿತ್ರಿಸಿದ್ದರಿಂದ, ಬೂದು ಚಿತ್ರದ ಮೇಲೆ ಸಣ್ಣ ಚುಕ್ಕೆಗಳ ಬಲೆ ಉಳಿದಿತ್ತು. ಅಂದು ಅದು ದೋಷ. ಆ ಚುಕ್ಕೆಗಳನ್ನು ಓದಿ ನಿಜವಾದ ಬಣ್ಣವನ್ನೇ ಮರಳಿ ಪಡೆದರು. 1964ರ ಕಂತುಗಳಿಗೆ ಆ ದಾರಿಯಿಲ್ಲ, ಅವುಗಳಲ್ಲಿ ಬಣ್ಣವೇ ಇರಲಿಲ್ಲ. ನೀಲಿ ಪೆಟ್ಟಿಗೆ ಅಂದು ಪರದೆಯ ಮೇಲೆ ಬೂದು ಪೆಟ್ಟಿಗೆ.

ಹೊಸಬರಿಗೆ ನಾನು ಹೇಳುವುದಿಷ್ಟು. 30 ನಿಮಿಷಕ್ಕೆ ಇಳಿಸಿದ ಚಿತ್ರರೂಪವೊಂದು 2006ರಲ್ಲಿ ಡಿವಿಡಿಯಲ್ಲಿ ಬಂದಿದೆ, ಅದರಿಂದ ಶುರುಮಾಡಬೇಡಿ. ಕತೆ ತಿಳಿಯುತ್ತದೆ, ದಾರಿಯ ದಣಿವು ತಿಳಿಯುವುದಿಲ್ಲ. ಇಯಾನ್ ಪಾತ್ರಧಾರಿ ವಿಲಿಯಂ ರಸೆಲ್ ಅವರ ನಿರೂಪಣೆ ಸೇರಿಸಿದ ಧ್ವನಿ ಆವೃತ್ತಿ 2003ರಲ್ಲಿ ಬಂತು, ಅದನ್ನು ದಿನಕ್ಕೊಂದು ಕಂತಿನಂತೆ ಕೇಳಿ. ಎದುರಿಗೆ ಏಷ್ಯಾದ ನಕ್ಷೆ ಇರಲಿ: ಪಾಮೀರ್, ಲೋಪ್, ತುನ್ ಹುವಾಂಗ್, ಶಾಂಗ್ ತು, ಪೀಕಿಂಗ್. ಮೂಲದಲ್ಲೂ ಪೋಲೋ ದಿನಚರಿ ಓದುತ್ತಿದ್ದಂತೆ ನಕ್ಷೆಯ ಮೇಲೆ ಗೆರೆ ಸಾಗುತ್ತಿತ್ತು. ಲುಕರೋಟಿ ಇದೇ ಪೋಲೋನ ಬಗ್ಗೆ ಮೊದಲು ಕೆನಡಾದ ರೇಡಿಯೋಗೆ ಬರೆದಿದ್ದವರು. ಆ ಅಭ್ಯಾಸ ಇಲ್ಲಿ ಕಾಪಾಡಿದೆ, ಮಾತಿನಲ್ಲೇ ಜಾಗ ಕಾಣುತ್ತದೆ. ಎರಡನೆಯ ಕಂತಿನ ಮರಳ ಬಿರುಗಾಳಿಯನ್ನು ರಾತ್ರಿ ದೀಪ ಆರಿಸಿ ಕೇಳಬೇಕು. ಲೋಪ್‌ನ ಮರಳಿನಲ್ಲಿ ಹೆಸರು ಹಿಡಿದು ಕರೆಯುವ ದನಿಗಳೂ ನಗಾರಿಯೂ ಕೇಳುತ್ತವೆ ಎಂದು ಪೋಲೋನ ನಿಜವಾದ ಪ್ರವಾಸ ಕಥನದಲ್ಲೇ ಇದೆ.

ಆರನೆಯ ಕಂತಿನಿಂದ ಧಾಟಿ ಬದಲಾಗುತ್ತದೆ. ಕುಬ್ಲಾಯ್ ಖಾನ್ ಎಂದರೆ ಎಲ್ಲರೂ ನಡುಗುತ್ತಿರುವಾಗ ಒಳಗೆ ಬರುವವನು ಕೀಲುನೋವಿನಿಂದ ನರಳುವ ಮುದುಕ. ಎದುರಿಗೆ ಬೆನ್ನು ಹಿಡಿದುಕೊಂಡು ನಿಂತ ಇನ್ನೊಬ್ಬ ಮುದುಕ, ಡಾಕ್ಟರ್. ಇಬ್ಬರೂ ಪಗಡೆಯಂಥ ಬ್ಯಾಕ್‌ಗ್ಯಾಮನ್ ಆಟಕ್ಕೆ ಕೂರುತ್ತಾರೆ. ಡಾಕ್ಟರ್ 35 ಆನೆ, 4000 ಬಿಳಿ ಕುದುರೆ, 25 ಹುಲಿ ಗೆಲ್ಲುತ್ತಾನೆ. ಅದೆಲ್ಲವನ್ನೂ ಒಡ್ಡಿ ತನ್ನ ಯಂತ್ರವನ್ನು ಮರಳಿ ಕೇಳುತ್ತಾನೆ. ಆ ಒಂದೇ ಆಟ ಸೋಲುತ್ತಾನೆ. ಪಗಡೆಯಲ್ಲಿ ರಾಜ್ಯ ಹೋದದ್ದನ್ನು ಬಲ್ಲ ನಮಗೆ ಆ ಕ್ಷಣದ ಮೌನ ಎಂಥದೆಂದು ಗೊತ್ತು. ಡಾಕ್ಟರ್ ಪಾತ್ರಧಾರಿ ವಿಲಿಯಂ ಹಾರ್ಟ್‌ನೆಲ್ ಅವರ ದನಿ ಅಲ್ಲಿ ಕುಸಿಯುವುದನ್ನು ಟೇಪು ಸ್ಪಷ್ಟವಾಗಿ ಹಿಡಿದಿದೆ.

ಕೊನೆಯ ಕಂತಿನಲ್ಲಿ ತೆಗಾನನ ಸಂಚು ಬಯಲಾಗಿ, ಪೋಲೋ ಅವನೊಡನೆ ಕತ್ತಿ ಹಿಡಿದು ಕಾದಾಡುತ್ತಾನೆ. ಸೋತ ತೆಗಾನ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾನೆ. ಆ ಗಡಿಬಿಡಿಯಲ್ಲಿ ಪೋಲೋ ಕೀಲಿಕೈಯನ್ನು ಡಾಕ್ಟರ್‌ನ ಕೈಗೆ ಹಾಕುತ್ತಾನೆ. ನಾಲ್ವರೂ ಓಡುತ್ತಾರೆ. ಆಮೇಲೆ ಕೇಳಿಸುವುದು ಯಂತ್ರ ಹೊರಡುವ ಸದ್ದು. ಅದು ಬಿಬಿಸಿಯ ಧ್ವನಿತಜ್ಞ ಬ್ರಯನ್ ಹಾಡ್ಜ್‌ಸನ್ ಹಳೆಯ ಪಿಯಾನೋದ ದಪ್ಪ ತಂತಿಗಳ ಮೇಲೆ ಮನೆಯ ಬಾಗಿಲ ಕೀಲಿಕೈಯನ್ನು ಎಳೆದು, ಅದನ್ನು ಟೇಪಿನಲ್ಲಿ ನಿಧಾನಿಸಿ, ಪ್ರತಿಧ್ವನಿ ಸೇರಿಸಿ ಮಾಡಿದ್ದು. ಸದ್ದು ಏರಿ, ಉಬ್ಬಸಪಟ್ಟು, ಕರಗುತ್ತದೆ. ಅವರು ಈಗ ಹಿಂದಿನ ಕಾಲದಲ್ಲಿದ್ದಾರೋ ಮುಂದಿನದರಲ್ಲೋ ಎಂದು ಪೋಲೋ ಬೆರಗಾಗುತ್ತಾನೆ. ಕಾಣಿಕೆ ಕೈತಪ್ಪಿದ ಖಾನ್‌ಗೆ ಅಷ್ಟೇನೂ ಬೇಸರವಿಲ್ಲ. ಆ ಮುದುಕ ಇಲ್ಲೇ ಇದ್ದಿದ್ದರೆ ಹೇಗೂ ಅದನ್ನು ಬ್ಯಾಕ್‌ಗ್ಯಾಮನ್‌ನಲ್ಲಿ ಗೆದ್ದುಕೊಳ್ಳುತ್ತಿದ್ದ ಎನ್ನುತ್ತಾನೆ.